ಮಳೆಗಾಲದ ಅಂಕಿ

ಅಕ್ಕೋರ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಕಪ್ಪು. ನೀರಿನಲ್ಲಿ ಉಪ್ಪಿನ ಅಂಶ ಎಷ್ಟಿದೆ ಎಂದು ನೋಡಲು ಬಳಸುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಹಾಗಾಗುತ್ತದೆ. ಮೊದಲ ಸಲ ನಮ್ಮ ಖೋಲಿಗೆ ಬಂದು ಅವರು ಅವಲಕ್ಕಿ ತಿಂದು ಹೋದಾಗ ಅವ್ವ ಮೂಗು ಮುರಿದಿದ್ದಳು. "ಇಷ್ಟ ಓದಿದಾಕಿ ಅಂತಿ, ಕೈ ನೋಡಿದ್ರ ಇದ್ದಿಲ ಮಾರವರ ಗತೆ ಅದಾವಲ್ಲ!"

ನಾವು ಬಿಜಾಪುರದ ಕಡೆಯವರು. ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುವುದು ನಮ್ಮ ರೂಢಿ. ಅಪ್ಪ ಠಾಣೆ ಹತ್ತಿರದ ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಡ್ರಮ್ಮು ಉರುಳಿಸುತ್ತಿದ್ದ, ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಮೆಟ್ರಿಕ್ ಮುಗಿಸಿ ಬಾಟಲಿ ಮುಚ್ಚಳದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಸೇರಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಅಕ್ಕೋರು ಉಡುಪಿಯವರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ಠಾಣೆಯ ಕೋಪರಿಯಲ್ಲಿ ಅಣ್ಣನ ಮನೆಯಲ್ಲಿದ್ದರು. ಪ್ರತಿ ಭಾನುವಾರ ಗಾಜಿನ ಬಾಟಲಿಗಳ ಚೀಲವನ್ನು ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಬರುತ್ತಿದ್ದರು. ಯಾರಾದರೂ ಒತ್ತಿ ಕೂತರೆ ತುಳುವಿನಲ್ಲಿ ಬೈಯುತ್ತಿದ್ದರಂತೆ, ಬೈಸಿಕೊಂಡವರಿಗೆ ಅರ್ಥವಾಗಬಾರದು ಎಂದು.

ಕನ್ನಡ ಸಂಘದ ಹಿಂದಿನ ಕೋಣೆಯಲ್ಲಿ ನಾವು ಐದು ಜನ ಹುಡುಗಿಯರು ಅವರಿಂದ ಸುತ್ತಲಿನ ಬಾವಿಗಳ ನೀರು ಪರೀಕ್ಷೆ ಮಾಡುವುದನ್ನು ಕಲಿಯುತ್ತಿದ್ದೆವು. ಯಾಕೆ ಕಲಿಸುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ಬಡವರಿಗೆ ಮೋಸ ಆಗುವುದು ಎಲ್ಲಿ ಗೊತ್ತುಂಟಾ? ಅಳೆಯಲಿಕ್ಕೆ ಬಾರದ ಕಡೆ. ದೇಶಕ್ಕೂ ಅದೇ ಕತೆ ಮಾರಾಯ್ತಿ. ನಮ್ಮ ನೀರು ಹೇಗುಂಟು ಅಂತ ಹೇಳ್ಲಿಕ್ಕೆ ಹೊರಗಿನವರು ಬರಬೇಕಾ? ನೀನು ಹೇಳು, ನಿನ್ನ ಕೇರಿಯವಳು."

ನನ್ನಂಥವಳಿಗೆ ಹಾಗೆ ಯಾರೂ ಹೇಳಿರಲಿಲ್ಲ. ಫ್ಯಾಕ್ಟರಿಯಲ್ಲಿ ನನ್ನನ್ನು 'ಏ ಪ್ಯಾಕಿಂಗ್' ಎಂದು ಕರೆಯುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಒಂದೇ ನೀರನ್ನು ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅಂಕಿಯನ್ನು ಚೀಟಿಯಲ್ಲಿ ಬರೆದು ಮಡಚಿ ಅವರ ಕೈಗೆ ಕೊಡಬೇಕು. ಎರಡೂ ಹೊಂದಿದರೆ ಮಾತ್ರ ಪುಸ್ತಕಕ್ಕೆ. ಒಂದು ಭಾನುವಾರ ಜ್ವರ ಬಂದಂತಾಗಿ ನಾನು ಪಕ್ಕದವಳ ಚೀಟಿಯನ್ನು ಕದ್ದು ನೋಡಿ ಅದೇ ಅಂಕಿ ಬರೆದೆ. ಅದು ಅವರಿಗೆ ಹೇಗೆ ಗೊತ್ತಾಯಿತೋ! ಬಾಟಲಿಯನ್ನು ಮೋರಿಗೆ ಸುರಿದು, "ಹೋಗು, ಬಾವಿಯಿಂದ ಬೇರೆ ನೀರು ತಾ" ಎಂದರು. ಅರ್ಧ ಗಂಟೆಯ ದಾರಿ. ಅಳುತ್ತಾ ಹೋಗಿ ಬಂದೆ. ಬಂದ ಮೇಲೆ ಹಣೆ ಮುಟ್ಟಿ ನೋಡಿ, ಜ್ವರದ ಮಾತ್ರೆ ಕೊಟ್ಟು, ಪರೀಕ್ಷೆಯನ್ನೂ ಮಾಡಿಸಿಯೇ ಬಿಟ್ಟರು. ಆ ಹೆಂಗಸೆಂದರೆ ನನಗೆ ಪ್ರಾಣವಾಗಿತ್ತು ಎಂದು ಈಗಲೂ ಹೇಳಬಲ್ಲೆ.

ನಾವು ನೋಡುತ್ತಿದ್ದ ಬಾವಿಗಳಲ್ಲಿ ನಮ್ಮ ಬಸ್ತಿಯದೂ, ಎಂದರೆ ನಾವಿದ್ದ ಕೂಲಿಯವರ ಕೇರಿಯದೂ, ಒಂದು. ಬೇಸಗೆ ಬಂದರೆ ಅದರ ಅಂಕಿ ದಿಗಿಲಾಗುವಷ್ಟು ಏರುತ್ತಿತ್ತು, ಮಳೆಗಾಲದಲ್ಲಿ ಇಳಿಯುತ್ತಿತ್ತು. ಎರಡು ಬೇಸಗೆ, ಎರಡು ಮಳೆಗಾಲ ಬಿಡದೆ ನೋಡಿದೆವು. ಬಾವಿಯ ಮಟ್ಟ ಕೆಳಗಿಳಿದಾಗ ಆಚೆಗಿನ ಕಾರ್ಖಾನೆಯ ಗಟಾರದ ನೀರು ಒಳಗೆ ಬರುತ್ತದೆ, ಮಳೆ ಬಿದ್ದರೆ ತೆಳುವಾಗುತ್ತದೆ ಎಂದು ಅಕ್ಕೋರೇ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದರು. "ಏಪ್ರಿಲ್ ತಿಂಗಳ ಅಂಕಿ ನೋಡದೆ ಈ ಬಾವಿಯ ಬಗ್ಗೆ ಯಾರೂ ಬಾಯಿ ಬಿಡಬಾರದು" ಎಂದಿದ್ದರು. ನಗರಪಾಲಿಕೆಗೆ ವರದಿ ಬರೆದು ಕೊಟ್ಟರೆ ಬಾವಿ ಮುಚ್ಚುತ್ತಾರೆ, ಬಸ್ತಿಗೆ ನಲ್ಲಿ ಬರುತ್ತದೆ ಎಂದು ನಾನು ಅವ್ವನಿಗೆ ಹೇಳಿಟ್ಟಿದ್ದೆ.

ಆ ಹೊತ್ತಿಗೆ ಯೋಜನೆಯೊಂದು ಬಂತು. ಹಿಂದುಳಿದ ದೇಶಗಳಲ್ಲಿ ವಿಜ್ಞಾನ ಬಲ್ಲವರನ್ನು ತಯಾರು ಮಾಡಲು ಹೊರದೇಶದ ಹಣ. ಸೂಟು ಹಾಕಿದವರು ನಮ್ಮ ಕೋಣೆಗೆ ಬಂದು ಹೋದರು. ಲ್ಯಾಬಿಗೆ ಉಪಕರಣ ಕೊಡುತ್ತಾರೆ, ವರ್ಷವರ್ಷವೂ ಹುಡುಗಿಯರಿಗೆ ತರಬೇತಿ, ಅವರಲ್ಲಿ ಇಬ್ಬರಿಗೆ ಅಲ್ಲೇ ಕೆಲಸ. ಒಂದೇ ಷರತ್ತು, ಜಾಗ ನೀವು ಹುಡುಕಬೇಕು. ಅಕ್ಕೋರು ಎರಡು ತಿಂಗಳು ಚಪ್ಪಲಿ ಸವೆಸಿದರು. ಕೊನೆಗೆ ಎರಡು ಕೋಣೆ ಕೊಟ್ಟವನು ಅದೇ ಗಟಾರದ ಕಾರ್ಖಾನೆಯ ಮಾಲೀಕ.

ಅಕ್ಕೋರು ನಗರಪಾಲಿಕೆಗೆ ಕೊಟ್ಟ ವರದಿಯ ಮರಾಠಿ ಪ್ರತಿಯನ್ನು ರೇಷನ್ ಅಂಗಡಿಯ ಗೋಡೆಗೆ ಅಂಟಿಸಿದ್ದರು. ನಮ್ಮ ಬಾವಿಯ ಮುಂದೆ 'ಕುಡಿಯಲು ಯೋಗ್ಯ' ಎಂದಿತ್ತು. ಪಕ್ಕದಲ್ಲಿದ್ದ ಅಂಕಿ ಸುಳ್ಳಲ್ಲ. ಆಗಸ್ಟಿನಲ್ಲಿ, ಬಾವಿ ತುಂಬಿ ತುಳುಕುತ್ತಿದ್ದಾಗ, ನಾನೇ ನೋಡಿ ಬರೆದದ್ದು. ಬೇಸಗೆಯ ಅಂಕಿ ಒಂದೂ ಇರಲಿಲ್ಲ. ಕೆಳಗೆ ಪರೀಕ್ಷೆ ಮಾಡಿದವರ ಹೆಸರು ಎಂದು ನನ್ನ ಹೆಸರಿತ್ತು. ಅಚ್ಚಿನಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು.

ಮುಂದಿನ ಭಾನುವಾರ ಸ್ಟೇಶನ್ನಿನಲ್ಲೇ ಅವರನ್ನು ಹಿಡಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕೂತರು.

"ಸುಳ್ಳು ಒಂದಕ್ಷರ ಬರೆಯಲಿಲ್ಲ ನಾನು" ಎಂದರು.

"ಏಪ್ರಿಲಿಂದು ಎಲ್ಲಿ ಐತ್ರಿ ಅಕ್ಕೋರ?"

"ನೋಡು, ಈ ಲ್ಯಾಬ್ ಒಂದು ನಿಂತರೆ ನಿನ್ನ ಹಾಗಿನ ನೂರು ಹುಡುಗಿಯರು ತಯಾರಾಗ್ತಾರೆ. ನಾಳೆ ಅವರು ಸಾವಿರ ಬಾವಿ ನೋಡಬಹುದು. ಇದೊಂದಕ್ಕೆ ಹಟ ಹಿಡಿದರೆ ಎಲ್ಲ ಹೋಗ್ತದೆ. ನಿನಗೂ ಕೆಲಸ ಉಂಟು ಅಲ್ಲಿ, ನಾನು ಹೇಳಿಟ್ಟಿದ್ದೇನೆ."

"ಆ ನೀರ ನಮ್ಮವ್ವ ಕುಡೀತಾಳ್ರಿ."

ಕಲ್ಯಾಣ ಲೋಕಲ್ ಬಂತು, ಹೋಯಿತು. ನಾನು ಎದ್ದು ಬಂದೆ. ಕೆಲಸಕ್ಕೂ ಸೇರಲಿಲ್ಲ. ಹಟಮಾರಿ ಎಂದು ಎಲ್ಲರೂ ಬೈದರು. ಪ್ಯಾಕಿಂಗಿನಲ್ಲಿ ಸೊಂಟ ಬಿದ್ದುಹೋದ ದಿನಗಳಲ್ಲಿ ನಾನೂ ನನ್ನನ್ನು ಬೈದುಕೊಂಡದ್ದುಂಟು.

ಬೇಸಗೆಯ ಅಂಕಿಗಳನ್ನು ನೆನಪಿನಿಂದ ಬರೆದುಕೊಂಡು ನಗರಪಾಲಿಕೆಯ ಕಚೇರಿಗೆ ಹೋದೆ. ಕಾರಕೂನ ವರದಿ ತೆಗೆದು ನನ್ನ ಹೆಸರಿನ ಮೇಲೆ ಬೆರಳಿಟ್ಟ. "ಹೇ ತುಝಂಚ್ ನಾವ್ ನಾ?" ನಿನ್ನದೇ ಹೆಸರು ತಾನೆ? ಹೌದು ಎನ್ನದೆ ಏನು ಮಾಡಲಿ? ಬಸ್ತಿಯಲ್ಲಿ ಹೇಳಿದರೆ ಅಲ್ಲೂ ಅದೇ ಪಾಡು. ಬೇರೆಯವರು ಹಾಳಾಗಲಿ, ಅವ್ವನೇ ನಂಬಲಿಲ್ಲ. ಎರಡು ವರ್ಷದ ಹಿಂದೆ ಮೂಗು ಮುರಿದವಳು ಈಗ, "ಅಕ್ಕೋರು ಹಂಗೆಲ್ಲ ಬರಿಯಾಕಿ ಅಲ್ಲ. ನೀ ಅವರ ಜೋಡಿ ಜಗಳ ಮಾಡ್ಕೊಂಡಿ, ಅದಕ್ಕ ಹಿಂಗ ಹೇಳ್ತಿ" ಎಂದಳು. ಅಕ್ಕೋರ ಗುಣಗಾನವನ್ನು ಮನೆಯಲ್ಲಿ ಅಷ್ಟೊಂದು ಮಾಡಿದ್ದವಳು ನಾನೇ ಅಲ್ಲವೇ? ದಿನಾ ಬೆಳಿಗ್ಗೆ ನನ್ನ ಫ್ಯಾಕ್ಟರಿಯ ನಲ್ಲಿಯಿಂದ ಒಂದು ಕೊಡ ಹೊತ್ತು ತಂದೆ. ಅವ್ವ ಅದರಲ್ಲಿ ಪಾತ್ರೆ ತೊಳೆದಳು. ಕುಡಿಯಲು ಬಾವಿಯದೇ ರುಚಿ ಎನ್ನುತ್ತಿದ್ದಳು.

ಲ್ಯಾಬ್ ಚೆನ್ನಾಗಿಯೇ ನಡೆಯಿತು. ಅಲ್ಲಿ ಕಲಿತವರು ಆಸ್ಪತ್ರೆ, ಔಷಧಿ ಕಂಪನಿಗಳಲ್ಲಿ ಒಳ್ಳೆಯ ಕೆಲಸ ಹಿಡಿದರು. ಕೂಲಿಯವರ ಮಕ್ಕಳು ಬಿಳಿ ಕೋಟು ಹಾಕಿಕೊಂಡರು. ಅಕ್ಕೋರು ಮಾಡಿದ್ದೇ ಸರಿ ಎನ್ನುವವರು ಇದ್ದಾರೆ. ಅವರಲ್ಲಿ ಯಾರೂ ನಮ್ಮ ಬಾವಿಯ ನೀರು ಕುಡಿದವರಲ್ಲ. ಆ ಬಾವಿಯನ್ನು ನೋಡಲು ಲ್ಯಾಬಿನಿಂದ ಒಬ್ಬರೂ ಬರಲಿಲ್ಲ.

ನಾಲ್ಕು ವರ್ಷದ ಮೇಲೆ ಅಕ್ಕೋರು ತೀರಿಕೊಂಡ ಸುದ್ದಿ ಬಂತು, ಎದೆನೋವಂತೆ. ಅವ್ವ ಗೊಳೋ ಎಂದು ಅತ್ತಳು. ನನಗೆ ಅಳು ಬರಲಿಲ್ಲ. "ನಿನಗ ವಿದ್ಯಾ ಕೊಟ್ಟಾಕಿ, ಕಡೀಕೊಮ್ಮೆ ಮಾರಿ ನೋಡಿ ಬಾ" ಎಂದು ಅವಳೇ ದಬ್ಬಿದಳು. ಕೋಪರಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ಅವರ ಅತ್ತಿಗೆ, "ನೀವು ಅವಳಿಗೆ ಎಂತಾಗಬೇಕು?" ಎಂದು ಕೇಳಿದರು. ಅವರ ಹತ್ತಿರ ಕಲಿತವಳು ಎಂದೆ. ಸಿಟ್ಟಿನಿಂದ ಹಾಗೆಂದೆನೋ ದುಃಖದಿಂದಲೋ, ಇವತ್ತಿಗೂ ಹೇಳಲಾರೆ. ಯಾರು ಏನೇ ಹೇಳಲಿ, ನಾನೇ ನೋಡದೆ ಹೂಂ ಎನ್ನದ ಬುದ್ಧಿ ನನಗೆ ಬಂದದ್ದು ಅವರಿಂದಲೇ. ಆ ಋಣ ಇದ್ದೇ ಇದೆ.

ಮನೆಗೆ ಬಂದು ಸ್ನಾನ ಮಾಡಿದೆ. ಬಾಯಿ ಒಣಗಿತ್ತು. ಅವ್ವ ಕೊಡದಿಂದ ಒಂದು ಲೋಟ ನೀರು ಮೊಗೆದು ಕೊಟ್ಟಳು, ಬಾವಿಯದು. ಏಪ್ರಿಲ್ ತಿಂಗಳು. ನಾನು ಲೋಟವನ್ನು ಹಾಗೇ ಕೆಳಗಿಟ್ಟೆ. "ಅಕ್ಕೋರು ಸತ್ತರೂ ನಿನ್ನ ಹಟ ಸಾಯಲಿಲ್ಲ ನೋಡ" ಎಂದು ಅವ್ವ ಕಣ್ಣೊರೆಸಿಕೊಂಡು, ಲೋಟ ಎತ್ತಿ ತಾನೇ ಕುಡಿದಳು.