ಕರಿಯನನ್ನು ಕಟ್ಟುವ ಮಾತ್ರೆ

ಕಾಮಕಸ್ತೂರಿ ಬೀಜ ನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಮೈತುಂಬ ಲೋಳೆ ಹೊದ್ದುಕೊಂಡು ಉಬ್ಬುತ್ತದೆ. ಮೊನ್ನೆ ಪೀಣ್ಯದಲ್ಲಿ ನಮ್ಮ ಫ್ಯಾಕ್ಟರಿಯ ಎದುರಿನ ಜ್ಯೂಸ್ ಸೆಂಟರಿನಲ್ಲಿ, ನನ್ನ ಜೊತೆ ಕೆಲಸ ಮಾಡುವ ಹುಡುಗಿ ಫಲೂದಾ ತರಿಸಿಕೊಂಡಳು. ಉದ್ದನೆಯ ಗ್ಲಾಸಿನ ತಳದಲ್ಲಿ, ಗುಲಾಬಿ ಬಣ್ಣದ ಹಾಲಿನಡಿ, ಆ ಕಪ್ಪು ಬೀಜಗಳು ಕೂತಿದ್ದವು. "ಯಾಕೋ ತುಂಬಾ ದಿನದಿಂದ ಉಷ್ಣ ಆಗ್ಬಿಟ್ಟಿದೆ ಅಕ್ಕ. ಇದು ತಂಪು ಅಲ್ವಾ?" ಎಂದಳು. ನಾನು ಗ್ಲಾಸನ್ನೇ ನೋಡುತ್ತಿದ್ದೆ. ನನ್ನ ಕಣ್ಣೆದುರು ಇದ್ದದ್ದು ಪೀಣ್ಯವಲ್ಲ, ಜಿಗಣಿ... ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ, ಅದರಲ್ಲಿ ಇವೇ ಬೀಜಗಳು, ಪಕ್ಕದಲ್ಲಿ ಒಂದು ಮಾತ್ರೆಯ ಸ್ಟ್ರಿಪ್.

ನನ್ನ ಮೊದಲ ಕೆಲಸ ಜಿಗಣಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಒಂದು ಮಾತ್ರೆ ಫ್ಯಾಕ್ಟರಿಯಲ್ಲಿ. ಪಕ್ಕದ ಹಳ್ಳಿಯಲ್ಲಿ ಬಾಡಿಗೆ ರೂಮು ಹಿಡಿದಿದ್ದೆ. ಬಿಲ್ಡಿಂಗಿನ ಒಡತಿಯನ್ನು ನಾವು ಬಾಡಿಗೆಯವರೆಲ್ಲ ಓನರಮ್ಮ ಎನ್ನುತ್ತಿದ್ದೆವು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ರೂಮುಗಳು ಎದ್ದಿದ್ದವು. ಅವರ ಮಗ ನೀರಿನ ಟ್ಯಾಂಕರ್ ಓಡಿಸುತ್ತಿದ್ದ, ಬೆಳಕು ಹರಿಯುವ ಮುಂಚೆ ಹೋದರೆ ಸಂಜೆಗೇ ಬರುತ್ತಿದ್ದದ್ದು. ಬಿಲ್ಡಿಂಗಿನ ಯಜಮಾನಿಕೆ ಪೂರ್ತಿ ಓನರಮ್ಮನದು. ಯಾದಗಿರಿ ಕಡೆಯ ಗಾರೆ ಕೆಲಸದವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಕನ್ನಡವೇ ಬಾರದ ವೆಲ್ಡರುಗಳು, ಎಲ್ಲರನ್ನೂ ಅವರು ಒಂದೇ ದನಿಯಲ್ಲಿ ಗದರುತ್ತಿದ್ದರು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸಬರು ಸಾಮಾನು ಇಳಿಸಿದ ದಿನ, ಹಾಲುಕ್ಕಿಸುವ ಮೊದಲು, ಕರಿಯ ಎಂಬ ನಾಯಿಗೆ ತಮ್ಮ ಕೈಯಾರೆ ಒಂದು ರಸ್ಕು ತಿನ್ನಿಸಬೇಕು. ಓನರಮ್ಮ ಪಕ್ಕದಲ್ಲಿ ನಿಂತಿರುತ್ತಿದ್ದರು. ಒಮ್ಮೆ ನಿಮ್ಮ ಕೈಯ ರಸ್ಕು ತಿಂದನೆಂದರೆ ಮುಗಿಯಿತು, ಮತ್ತೆ ಆತ ನಿಮ್ಮನ್ನು ನೋಡಿ ಬೊಗಳುತ್ತಿರಲಿಲ್ಲ. ಹಗಲಲ್ಲಿ ಗ್ಯಾಸಿನವರು, ಕೊರಿಯರಿನವರು ಬರುತ್ತಾರೆಂದು ಅವನನ್ನು ಗೇಟಿನ ಕಂಬಕ್ಕೆ ಕಟ್ಟುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಓನರಮ್ಮ ಬಂದು ಸರಪಳಿ ಬಿಚ್ಚುತ್ತಿದ್ದರು. ಆ ಕೆಲಸವನ್ನು ಅವರು ಮಗನಿಗೂ ಬಿಡುತ್ತಿರಲಿಲ್ಲ. ನನಗೆ ನಾಯಿಗಳೆಂದರೆ ಅಷ್ಟಕ್ಕಷ್ಟೆ, ಆದರೂ ರಸ್ಕು ಕೊಟ್ಟೆ. ಕೈ ಪೂರ್ತಿ ಜೊಲ್ಲು ಮಾಡಿದ.

ಒಂದು ದಿನ ಓನರಮ್ಮ ನನ್ನ ರೂಮಿನ ಬಾಗಿಲಿಗೆ ಬಂದು ಆಚೆ ಈಚೆ ನೋಡಿದರು. ಬಾಡಿಗೆ ಕೇಳಲು ಬಂದಾಗಲೂ ಹಾಗೆ ನೋಡಿದವರಲ್ಲ. "ನೀನು ಮಾತ್ರೆ ಮಾಡೋಳಲ್ವ? ಉಸ್ಣಕ್ಕೆ ಒಂದು ಮಾತ್ರೆ ಏಳವ್ವ," ಎಂದರು. ನಾನು ಮಾತ್ರೆ ಮಾಡುವವಳಲ್ಲ ಎಂದು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗುತ್ತಿರಲಿಲ್ಲ. ನನ್ನ ಕೆಲಸ ಪ್ಯಾಕಿಂಗಿನಲ್ಲಿ. ಬೆಲ್ಟಿನ ಮೇಲೆ ಸ್ಟ್ರಿಪ್ಪುಗಳು ಸಾಗುತ್ತಿದ್ದರೆ, ಯಾವ ಗುಳಿಯಲ್ಲಿ ಮಾತ್ರೆ ಬಿದ್ದಿಲ್ಲ ಎಂದು ಕಣ್ಣು ಬಿಟ್ಟುಕೊಂಡು ನೋಡುವುದು. ಖಾಲಿ ಗುಳಿ ಕಂಡರೆ ಎತ್ತಿ ಬಿಸಾಕುವುದು. ಅಷ್ಟೇ.

ಎಂಥ ಉಷ್ಣ ಎಂದು ಕೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಕಕ್ಕಸ್ಗೆ ಓದ್ರೆ ರಕ್ತ ಓಗ್ತೈತೆ ಕಣವ್ವ. ಒಟ್ಟೆ ಇಂಡ್ತೈತೆ," ಎಂದರು. ಎಷ್ಟು ದಿನದಿಂದ ಎಂದರೆ, ಯುಗಾದಿಗೂ ಮುಂಚಿನಿಂದ! ನಾನು ಕೇಳಿದ್ದು ಗೌರಿ ಹಬ್ಬ ಹತ್ತಿರ ಬಂದಾಗ. ಅಷ್ಟು ಕಾಲ ಅವರು ಕಾಮಕಸ್ತೂರಿ ನೆನೆಸಿ ಕುಡಿದಿದ್ದರು, ಮೆಂತ್ಯ ನುಂಗಿದ್ದರು, ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿಕೊಂಡಿದ್ದರು. ನಮ್ಮಲ್ಲಿ ಉಷ್ಣ ಎಂಬ ಒಂದು ಮಾತು ಇದೆಯಲ್ಲ, ಅದರೊಳಗೆ ಏನನ್ನು ಬೇಕಾದರೂ ಬಚ್ಚಿಡಬಹುದು. ನನಗೆ ಭಯವಾಯಿತು, ಭಯವಾದರೆ ನನಗೆ ಮೊದಲು ಬರುವುದು ಸಿಟ್ಟು. ಮಗನಿಗೆ ಹೇಳುತ್ತೇನೆ ಎಂದು ಹೆದರಿಸಿದೆ. ಗಂಡು ಹುಡುಗನ ಹತ್ತಿರ ಇಂಥದ್ದನ್ನು ಹೇಳುವುದುಂಟೇ ಎಂದು ಅವರು ಕೈಮುಗಿದುಬಿಟ್ಟರು. ಕೊನೆಗೆ ನನ್ನ ವಾರದ ರಜೆಯಲ್ಲಿ ಇಬ್ಬರೇ ಬೊಮ್ಮಸಂದ್ರದ ಕಡೆ ಆಸ್ಪತ್ರೆಗೆ ಹೋದೆವು.

ಪುಣ್ಯಕ್ಕೆ ಅಲ್ಲಿದ್ದದ್ದು ಡಾಕ್ಟರಮ್ಮ. ಟ್ಯೂಬು ಹಾಕಿ ನೋಡಿ, ತುಣುಕು ತೆಗೆದು ಪರೀಕ್ಷೆ ಮಾಡಿ, ದೊಡ್ಡ ಕರುಳಿನ ಒಳಗೋಡೆಯಲ್ಲೆಲ್ಲ ಹುಣ್ಣು ಎಂದರು. ಹುಳ ಬಿದ್ದಿದೆಯೇ ಎಂದು ಓನರಮ್ಮ ಕೇಳಿದರು. ಇಲ್ಲವಂತೆ. ಡಾಕ್ಟರಮ್ಮ ಪೆನ್ನಿನ ಕ್ಯಾಪನ್ನು ಕರುಳಿನಂತೆ ಹಿಡಿದು ಹೇಳುತ್ತ ಹೋದರು. ಕರುಳಿನ ಒಳಗೋಡೆ ಬಹಳ ತೆಳು. ಅದರ ಮೇಲೆ ಲೋಳೆಯ ಪದರ ಇರುತ್ತದೆ. ಲೋಳೆಯ ಆ ಕಡೆ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು, ನಾವು ತಿಂದದ್ದರಲ್ಲಿ ಪಾಲು ಪಡೆದು ಬದುಕುವಂಥವು. ಗೋಡೆಯ ಈ ಕಡೆ ನಮ್ಮ ದೇಹದ ಕಾವಲು ಕಣಗಳು. ಅವುಗಳ ಕಡೆಯಿಂದ ಸೋರುವ ಒಂದು ವಸ್ತು ಲೋಳೆಯೊಳಗೆ ಸೇರಿ, ಆ ಜೀವಿಗಳಿಗೆ ಅಂಟಿಕೊಂಡು, ಗೋಡೆಯನ್ನು ಮುಟ್ಟದಂತೆ ಅಲ್ಲೇ ತಡೆಯುತ್ತದೆ. ಕೆಟ್ಟದ್ದು ಬಂದರೆ ಕಾವಲಿನವು ಮೇಲೆ ಬೀಳುತ್ತವೆ. ಆದರೆ ದಿನಾ ಬರುವ ಅನ್ನಕ್ಕೆ, ಅಲ್ಲೇ ಒಕ್ಕಲಿರುವ ಜೀವಿಗಳಿಗೆ ಸುಮ್ಮನಿರುವುದನ್ನೂ ಕಲಿತಿರುತ್ತವೆ.

"ನಿಮ್ಮ ಹೊಟ್ಟೇಲಿ ಅವು ಸುಮ್ಮನಿರೋದನ್ನ ಮರೆತಿವೆ ಅಮ್ಮ," ಎಂದರು ಡಾಕ್ಟರಮ್ಮ. "ಶತ್ರು ಬಂದ ಅಂದ್ಕೊಂಡು ಗೋಡೇನೇ ಕಿತ್ತು ಹಾಕ್ತಿವೆ. ಅದಕ್ಕೆ ರೋಗನಿರೋಧಕ ಶಕ್ತೀನ ಸ್ವಲ್ಪ ತಗ್ಗಿಸೋ ಮಾತ್ರೆ ಕೊಡ್ತೀನಿ."

ಓನರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಕೊರೊನಾ ಮುಗಿದು ಬಹಳ ಕಾಲವಾಗಿರಲಿಲ್ಲ. ಟೀವಿ ಹಾಕಿದರೆ ಇಮ್ಯುನಿಟಿ, ಅಂಗಡಿಗೆ ಹೋದರೆ ಇಮ್ಯುನಿಟಿ. "ಊರೋರೆಲ್ಲ ಸಕ್ತಿ ಜಾಸ್ತಿ ಆಗ್ಲಿ ಅಂತ ಕಸಾಯ ಕುಡೀತಾವ್ರೆ, ನೀವು ನಂಗೆ ಕಮ್ಮಿ ಮಾಡ್ತೀರಾ?" ಎಂದು ಸೆರಗು ಸಿಕ್ಕಿಸಿಕೊಂಡು ಬಾಗಿಲ ಕಡೆ ಹೊರಟರು. ನಾನು ಕೈ ಹಿಡಿದು ಕೂರಿಸಿದೆ. ಹೀಗೇ ಬಿಟ್ಟರೆ ಕರುಳು ಒಡೆಯಬಹುದು, ಜೀವಕ್ಕೇ ಬರುತ್ತದೆ ಎಂದು ಡಾಕ್ಟರಮ್ಮ ದನಿ ಏರಿಸದೆ ಹೇಳಿದರು. ಓನರಮ್ಮ ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಯೋಚಿಸಿದರು. ಆಮೇಲೆ ಅವರ ಮುಖ ಸಡಿಲವಾಯಿತು.

"ಅಂದ್ರೆ, ನಮ್ ಕರಿಯ ಬುದ್ಧಿಗೆಟ್ಟು ಬಾಡ್ಗೆಯೋರನ್ನೇ ಕಚ್ದಂಗೆ. ಈ ಮಾತ್ರೆ ಅವ್ನ್ನ ಕಟ್ಟಾಕೋದು. ಅಂಗೇ ತಾನೆ?"

ಡಾಕ್ಟರಮ್ಮ ನಕ್ಕುಬಿಟ್ಟರು. ಹೌದಮ್ಮ, ಹಾಗೇ ಅಂದುಕೊಳ್ಳಿ ಎಂದರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಬಿಡದೆ ನುಂಗಬೇಕು ಎಂದು ಎರಡೆರಡು ಸಲ ಹೇಳಿ, ಸ್ಟ್ರಿಪ್ಪಿನ ಎಡ ಸಾಲು ಬೆಳಿಗ್ಗೆಗೆ, ಬಲ ಸಾಲು ರಾತ್ರಿಗೆ ಎಂದು ಬೆರಳಿಟ್ಟು ತೋರಿಸಿದರು. ನಾನೂ ನಗುತ್ತಲೇ ಬಸ್ಸು ಹತ್ತಿದೆ. ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡರಲ್ಲ ಎಂದು ದಾರಿಯುದ್ದಕ್ಕೂ ಖುಷಿಪಟ್ಟೆ.

ಮೊದಮೊದಲು ಗುಣ ಕಂಡಿತು. ಓನರಮ್ಮ ಮತ್ತೆ ನಲ್ಲಿಯ ಹತ್ತಿರ ನಿಂತು ಗದರತೊಡಗಿದರು, ಗಾರ್ಮೆಂಟ್ಸಿನ ಹುಡುಗಿಯರಿಗೆ ಮುದ್ದೆ ಸಾರು ಬಡಿಸಿದರು. ಆಮೇಲೆ ಸದ್ದಿಲ್ಲದೆ ಅವರ ಕೆನ್ನೆ ಒಳಗೆ ಹೋಯಿತು. ಗದರುವ ದನಿ ಇಳಿಯಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದಾಗೆಲ್ಲ, "ದಿನಾ ಕಟ್ಟಾಕ್ತಿವ್ನಿ ಕಣವ್ವ," ಎನ್ನುತ್ತಿದ್ದರು. ಸುಳ್ಳು ಹೇಳುವ ಹೆಂಗಸಲ್ಲ. ಆದರೂ ನನಗೆ ಸಮಾಧಾನವಿಲ್ಲ. ಮರುದಿನವೇ ಆಸ್ಪತ್ರೆಗೆ ಹೋಗೋಣ ಎಂದರೆ ಹಬ್ಬ ಕಳೆಯಲಿ ಎಂದರು.

ಅದು ದೀಪಾವಳಿಯ ಹಿಂದಿನ ದಿನ. ಮಧ್ಯಾಹ್ನ ಶಿಫ್ಟು ಮುಗಿಸಿ ಬಂದೆ. ನಲ್ಲಿಯ ಹತ್ತಿರ ಅವರಿಲ್ಲ. ಗೇಟಿನಲ್ಲಿ ಕರಿಯ ಮಲಗದೆ ನಿಂತಿದ್ದ, ಸರಪಳಿ ಬಿಗಿಯಾಗುವಷ್ಟು ಮನೆಯ ಕಡೆಗೆ ಎಳೆದುಕೊಂಡು. ಒಳಗೆ ಹೋದೆ. ಓನರಮ್ಮ ಚಾಪೆಯ ಮೇಲೆ ಮಂಡಿ ಮಡಚಿಕೊಂಡು ಮಲಗಿದ್ದರು. ಮೈ ಸುಡುತ್ತಿತ್ತು. ನೀರು ಕೊಡೋಣವೆಂದು ಕಿಟಕಿಯ ಕಡೆ ತಿರುಗಿದಾಗ ಕಾಮಕಸ್ತೂರಿಯ ಲೋಟದ ಪಕ್ಕ ಆ ಸ್ಟ್ರಿಪ್ ಕಂಡಿತು.

ಸ್ಟ್ರಿಪ್ ನೋಡುವುದು ನನ್ನ ಹೊಟ್ಟೆಪಾಡು. ಒಂದು ನೋಟಕ್ಕೇ ಗೊತ್ತಾಯಿತು. ಎಡಗಡೆಯ ಸಾಲಿನ ಗುಳಿಗಳೆಲ್ಲ ಒಡೆದು ಖಾಲಿ. ಬಲಗಡೆಯ ಸಾಲಿನಲ್ಲಿ ಒಂದೂ ಮುಟ್ಟಿಲ್ಲ. ಅದರ ಕೆಳಗಿದ್ದ ಸ್ಟ್ರಿಪ್ಪೂ ಹಾಗೇ. ಅದರ ಕೆಳಗಿನದೂ... ಫ್ಯಾಕ್ಟರಿಯಲ್ಲಿ ನಾನು ಖಾಲಿ ಗುಳಿಗೆ ಹೆದರುತ್ತಿದ್ದೆ. ಅವತ್ತು ತುಂಬಿದ ಗುಳಿಗಳಿಗೆ ಹೆದರಿದೆ.

"ರಾತ್ರಿ ಮಾತ್ರೆ ಯಾಕಮ್ಮ ತಗೊಂಡಿಲ್ಲ?" ಎಂದು ಕಿರುಚಿದೆ.

ಅವರು ಕಣ್ಣು ಬಿಟ್ಟು, ನನಗೇ ಬುದ್ಧಿ ಕಮ್ಮಿ ಎನ್ನುವ ಹಾಗೆ ನೋಡಿದರು. "ರಾತ್ರೆ ಒತ್ತೂ ಕಟ್ಟಾಕ್ಬುಟ್ರೆ ಮನೆ ಕಾಯೋರು ಯಾರವ್ವ?"

ಹಗಲು ಕಟ್ಟುವುದು, ದೀಪ ಹಚ್ಚುವ ಹೊತ್ತಿಗೆ ಬಿಚ್ಚುವುದು. ಜೀವಮಾನವಿಡೀ ಮಾಡಿದ್ದನ್ನೇ ಅವರು ತಮ್ಮ ಹೊಟ್ಟೆಗೂ ಮಾಡಿದ್ದರು, ಒಂದು ದಿನವೂ ತಪ್ಪದೆ. ಸೀರೆ ಸರಿಸಿ ಹೊಟ್ಟೆ ಮುಟ್ಟಿದೆ. ಉಬ್ಬಿ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಮುಟ್ಟಿದ್ದಕ್ಕೇ ಅವರು ಚೀರಿದರು.

ಮಗನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಹಬ್ಬದ ಮುಂದೆ ನೀರಿಗೆ ಎಲ್ಲ ಕಡೆ ಬೇಡಿಕೆ, ಟ್ಯಾಂಕರಿನ ಮೋಟಾರು ಸದ್ದಿನಲ್ಲಿ ಅವನಿಗೆ ಏನು ಕೇಳುತ್ತದೆ! ಆಂಬುಲೆನ್ಸಿಗೆ ಹೇಳಿದರೆ ಬರಲು ತಡವಾಗುತ್ತದೆ ಎಂದರು. ನಾನು ಬಾಗಿಲಲ್ಲಿ ನಿಂತು ಕೂಗಿಕೊಂಡೆ. ಯಾದಗಿರಿಯ ಗಾರೆಯವನು ಸಿಮೆಂಟಿನ ಕೈಯಲ್ಲೇ ಓಡಿ ಬಂದ. "ಸರೀರಿ ಅಕ್ಕಾರ, ನಾ ಎತ್ತತೀನಿ," ಎಂದು ಓನರಮ್ಮನನ್ನು ಚಾಪೆ ಸಮೇತ ಎತ್ತಿಕೊಂಡು ಆಟೋದ ತನಕ ನಡೆದ. ಗೇಟಿನಲ್ಲಿ ಕರಿಯ ಎರಡು ಕಾಲ ಮೇಲೆ ಎದ್ದು ನಿಂತು ಸರಪಳಿ ಜಗ್ಗಿ ಊಳಿಟ್ಟ.

ಆ ರಸ್ತೆಯನ್ನು ನಾನು ಈಗಲೂ ಕ್ಷಮಿಸಿಲ್ಲ. ಶಿಫ್ಟು ಬಿಡುವ ಹೊತ್ತು. ಕಂಪನಿ ಬಸ್ಸುಗಳು, ಗ್ರಾನೈಟ್ ಹೊತ್ತ ಲಾರಿಗಳು, ಪಟಾಕಿ ಅಂಗಡಿಯ ಮುಂದೆ ಅಡ್ಡಾದಿಡ್ಡಿ ನಿಲ್ಲಿಸಿದ ಬೈಕುಗಳು. ಆಟೋ ಒಂದು ಮಾರು ಹೋಗುವುದು, ನಿಲ್ಲುವುದು. ರಸ್ತೆಯ ಪ್ರತಿ ಉಬ್ಬಿಗೂ ಓನರಮ್ಮನ ಉಗುರು ನನ್ನ ತೋಳಿಗೆ ಇಳಿಯುತ್ತಿತ್ತು. ಆಟೋದವನು ಒಂದೇ ಸಮನೆ ಹಾರನ್ ಒತ್ತುತ್ತ, "ಸೈಡ್ ಕೊಡ್ರೋ, ಪೇಷಂಟ್ ಇದಾರೆ ಕಣ್ರೋ," ಎಂದು ಗಂಟಲು ಹರಿದುಕೊಂಡ. ಸ್ವಲ್ಪ ಹೊತ್ತಿಗೆ ಉಗುರಿನ ಬಿಗಿ ಸಡಿಲವಾಯಿತು. ನೋವು ಕಡಿಮೆಯಾಯಿತೇ ಎಂದು ನನಗೆ ಒಂದು ಕ್ಷಣ ಆಸೆ ಹುಟ್ಟಿತು. ಅವರ ತುಟಿ ಬೆಳ್ಳಗಾಗಿತ್ತು.

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದು, ಹಾಳಾದ್ದು, ಒಳಗೇ ಕೂತು ಅನ್ನ ಹಾಕಿದವರನ್ನೇ ತಿನ್ನುತ್ತಲ್ಲ ಎಂದು ಅವರ ಹೊಟ್ಟೆಯೊಳಗಿನ ಆ ಕಾವಲನ್ನು ಬೈದೆ. ಓನರಮ್ಮ ನನ್ನ ತೋಳನ್ನು ಮೆಲ್ಲಗೆ ತಟ್ಟಿದರು.

"ಬೈಬ್ಯಾಡ ಕಣವ್ವ," ಎಂದರು. "ಅದ್ಕೇನು ಗೊತ್ತು, ಪಾಪ. ನನ್ನ ಕಾಯ್ತಿವ್ನಿ ಅಂದ್ಕೊಂಡೇ ಕಚ್ತೈತೆ."

ಆಮೇಲೆ ಅವರು ನನ್ನೊಂದಿಗೆ ಮಾತಾಡಲಿಲ್ಲ.

ಕರುಳು ಒಡೆದು ಒಳಗಿನದೆಲ್ಲ ಹೊಟ್ಟೆಗೆ ಸೇರಿತ್ತು. ಆಪರೇಷನ್ ಮಾಡಿದರು. ಕೆಲವು ದಿನ ಐಸಿಯುವಿನ ಗಾಜಿನಾಚೆ ಅವರ ಎದೆ ಏರಿ ಇಳಿಯುವುದನ್ನು ನಾನೂ ಅವರ ಮಗನೂ ನೋಡಿದೆವು. ನಂಜು ಇಳಿಯಲಿಲ್ಲ. "ನಂಗೊಂದು ಮಾತು ಏಳಬಾರದಿತ್ತಾ ಅಮ್ಮ," ಎಂದು ಆ ಹುಡುಗ ಗೋಡೆಗೆ ಹಣೆ ಹಚ್ಚಿಕೊಂಡು ಅತ್ತ. ಡಾಕ್ಟರಮ್ಮನಿಗೆ ನಾನು ಸ್ಟ್ರಿಪ್ಪಿನ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಈ ಕಾಯಿಲೆ ಮಾತ್ರೆ ತಪ್ಪದೆ ತೆಗೆದುಕೊಂಡವರಿಗೂ ಕೆಲವೊಮ್ಮೆ ಕೆರಳುತ್ತದೆ, ಇಂಥದ್ದರಿಂದಲೇ ಎಂದು ಹೇಳಲಾಗದು ಎಂದರು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಮಣ್ಣು ಮುಗಿಸಿ ಬಂದ ಸಂಜೆ ಬಿಲ್ಡಿಂಗಿನವರೆಲ್ಲ ಅಂಗಳದಲ್ಲಿ ಕೂತಿದ್ದೆವು. ಕತ್ತಲಾಗುತ್ತ ಬಂತು. ಯಾರೂ ಎದ್ದು ಕರಿಯನ ಸರಪಳಿ ಬಿಚ್ಚಲಿಲ್ಲ. ಅವನು ಮನೆಯ ಬಾಗಿಲನ್ನೇ ನೋಡುತ್ತ ಕಿವಿ ನಿಮಿರಿಸಿಕೊಂಡು ನಿಂತಿದ್ದ. ಕೊನೆಗೆ ನಾನೇ ಹೋಗಿ ಬಿಚ್ಚಿದೆ. ಅವನು ನನ್ನ ಕೈ ಮೂಸಿ ನೋಡಿ ಅಲ್ಲೇ ಕಂಬದ ಬುಡದಲ್ಲಿ ಕೂತುಬಿಟ್ಟ, ಕಟ್ಟಿಯೇ ಇದ್ದಾರೆ ಎನ್ನುವ ಹಾಗೆ... ನಾನು ಜಿಗಣಿ ಬಿಟ್ಟು ಪೀಣ್ಯಕ್ಕೆ ಬಂದು ಕೆಲವು ವರ್ಷಗಳಾದವು. ಗೇಟು ದಾಟುವಾಗ ಯಾರಾದರೂ ಗದರಿದರೆ ಸಾಕು ಅನ್ನಿಸುವ ದಿನಗಳು ಈಗಲೂ ಇವೆ.

"ಅಕ್ಕ, ಏನ್ ಯೋಚ್ನೆ ಮಾಡ್ತಿದೀರಾ? ಐಸ್ ಕರಗೋಯ್ತು," ಎಂದಳು ಹುಡುಗಿ. ಅವಳ ಚಮಚದಲ್ಲಿ ಲೋಳೆ ಹೊದ್ದ ಬೀಜಗಳು ಜಾರುತ್ತಿದ್ದವು. ಜ್ಯೂಸ್ ಸೆಂಟರ್ ತುಂಬ ಜನ. ಹೀಗೆ ನಾಲ್ಕು ಜನರ ನಡುವೆ ಕೇಳುವ ಮಾತಲ್ಲ ಎಂದು ನನಗೂ ಗೊತ್ತು. ಓನರಮ್ಮ ಹೋದ ಮೇಲೆ ನನಗೆ ಆ ನಾಚಿಕೆ ಉಳಿದಿಲ್ಲ.

"ಉಷ್ಣ ಅಂದ್ಯಲ್ಲ," ಎಂದೆ. "ರಕ್ತ ಹೋಗುತ್ತಾ?"

ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಛೀ ಎನ್ನುತ್ತಾಳೆ, ನಗುತ್ತಾಳೆ ಎಂದುಕೊಂಡೆ. ನಗಲಿ ಎಂದು ದೇವರನ್ನು ಬೇಡಿಕೊಂಡೆ. ಅವಳು ನಗಲಿಲ್ಲ. ಚಮಚವನ್ನು ಗ್ಲಾಸಿನೊಳಗೇ ಬಿಟ್ಟು, ನನ್ನ ಮುಖ ನೋಡದೆ, ಸಣ್ಣ ದನಿಯಲ್ಲಿ ಕೇಳಿದಳು:

"ನಿಮಗೆ ಯಾರು ಹೇಳಿದ್ರು ಅಕ್ಕ?"