ಒಂದೇ ಬಾಟಲಿಯಿಂದ ಉಂಡ ಕೋಶಗಳು

ಡಾ. ದೇಚಮ್ಮ ಬರೆದ ಒಂದು ಪ್ರಬಂಧವನ್ನು ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸಿದ್ದಾರೆ. ಆ ಪ್ರಬಂಧ ಸುಳ್ಳು. ಹಾಗಂತ ಹೇಳಿದ್ದು ಅವರ ಶತ್ರುಗಳಲ್ಲ, ಅವರೇ. ಹೇಳಿ ಹೇಳಿ ಗಂಟಲು ಒಣಗಿತು. ಕೇಳುವ ಕಿವಿ ಒಂದೂ ಸಿಗಲಿಲ್ಲ.

ವಿರಾಜಪೇಟೆ ಕಡೆಯ ಹವಾಲ್ದಾರರೊಬ್ಬರ ಮಗಳು, ಬೆಳೆದದ್ದು ದಿಲ್ಲಿ ಕಂಟೋನ್ಮೆಂಟಿನಲ್ಲಿ. ಮುನಿರ್ಕಾ ಹತ್ತಿರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದರು. ಮದುವೆಯಾಗಲಿಲ್ಲ. "ಭಾನುವಾರವೂ ಲ್ಯಾಬಿಗೆ ಹೋಗಿ ಕೋಶಗಳಿಗೆ ಊಟ ಹಾಕ್ತೀನಿ ಅಂದ್ರೆ ಯಾವ ಅತ್ತೆ ಬಿಡ್ತಾಳೆ?" ಎಂದು ನಗುತ್ತಿದ್ದರು.

1993ರಲ್ಲಿ ಮಾನೇಸರ್ ಕಡೆಯ ಲಾರಿ ಡ್ರೈವರೊಬ್ಬನ ಬಾಯಿಯ ಕ್ಯಾನ್ಸರ್ ಗಂಟಿನಿಂದ ಒಂದು ಚೂರು ತರಿಸಿಕೊಂಡು, ಅದರ ಕೋಶಗಳನ್ನು ಫ್ಲಾಸ್ಕಿನಲ್ಲಿ ಬೆಳೆಸಿದರು. ಗುಟ್ಕಾ ಜಗಿಯುವ ನಮ್ಮವರ ಬಾಯಿಯದೇ ಕೋಶ, ನಮ್ಮವರಿಗೇ ಔಷಧ ಹುಡುಕಲು. 96ರಲ್ಲಿ ಪ್ರಬಂಧ ಬಂತು. ಮೂವತ್ತು ಲ್ಯಾಬುಗಳು ಆ ಕೋಶ ಬೇಡಿ ಪಡೆದವು.

2003ರಲ್ಲಿ ಒಂದು ಮಧ್ಯಾಹ್ನ ಅವರು ಆ ಕೋಶಗಳಲ್ಲಿ ಸುಮ್ಮನೆ ವೈ ವರ್ಣತಂತು ಹುಡುಕಿದರು. ಡ್ರೈವರ್ ಗಂಡಸು, ಅದು ಇರಲೇಬೇಕು. ಇರಲಿಲ್ಲ. ಕ್ಯಾನ್ಸರ್ ಕೋಶ ಒಮ್ಮೊಮ್ಮೆ ವೈ ಕಳೆದುಕೊಳ್ಳುವುದುಂಟು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರು ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ಉತ್ತರ ಬಂತು: ಇದು ಹೀಲಾ. ಅರ್ಧ ಶತಮಾನದ ಹಿಂದೆ ಅಮೆರಿಕದ ಹೆಂಗಸೊಬ್ಬಳ ಗರ್ಭಕೊರಳಿನ ಗಂಟಿನಿಂದ ತೆಗೆದು, ಈಗ ಊರೂರ ಲ್ಯಾಬುಗಳಲ್ಲಿ ಬೆಳೆಯುವ ಕೋಶ.

ಎಲ್ಲಿಂದ ನುಗ್ಗಿತು ಎಂದು ಹುಡುಕಲು ದೂರ ಹೋಗಬೇಕಾಗಲಿಲ್ಲ. ಕೋಶಗಳಿಗೆ ಉಣಿಸುವ ದ್ರವದಲ್ಲಿ ಕರುವಿನ ರಕ್ತದ ಸೀರಂ ಬೆರೆಸಬೇಕು. 94ರಲ್ಲಿ ಆ ಸೀರಂ ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ಮೂರು ವಾರ ಕೊಳೆಯಿತು. ಒಂದು ಜಾತಿಯ ಕೋಶಕ್ಕೆ ಒಂದು ಬಾಟಲಿ, ಇದು ಆ ಕಸುಬಿನ ಮಡಿ. ಲ್ಯಾಬಿನಲ್ಲಿ ಡ್ರೈವರನ ಕೋಶದ ಜೊತೆ ಹೀಲಾ ಕೂಡ ಬೆಳೆಯುತ್ತಿತ್ತು; ಉಳಿದಿದ್ದದ್ದು ಒಂದೇ ಬಾಟಲಿ. ಎರಡೂ ಕೋಶ ಸಾಯದಿರಲಿ ಎಂದು ದೇಚಮ್ಮನೇ, ತಮ್ಮ ಕೈಯಾರೆ, ಒಂದೇ ಬಾಟಲಿಯಿಂದ ಎರಡಕ್ಕೂ ಉಣಿಸಿದರು. ಹೀಲಾ ಮುಟ್ಟಿದ ಪಿಪೆಟ್ಟಿನಿಂದ ಬಾಟಲಿಗೆ ಮರಳಿದ ಒಂದು ಹನಿ ಸಾಕಾಯಿತು. ಬಿರುಸಾಗಿ ಬೆಳೆಯುವ ಹೀಲಾ ಡ್ರೈವರನ ಕೋಶಗಳನ್ನು ಮೂಲೆಗೊತ್ತಿ ಮುಗಿಸಿತ್ತು.

ದೇಚಮ್ಮ ದೇವತೆಯೇನಲ್ಲ. ಆ ವೈಯನ್ನು ಏಳು ವರ್ಷ ಮುಂಚೆ ಹುಡುಕಬಹುದಿತ್ತು. "ಹೊಗಳ್ತಾ ಇರುವಾಗ ಯಾರು ಹುಡುಕ್ತಾರೆ?" ಇದೂ ಅವರದೇ ಮಾತು. ಆದರೆ ಗೊತ್ತಾದ ಮೇಲೆ ಅವರಿಗೆ ಬೇಕಿದ್ದದ್ದು ಒಂದೇ: ಆ ಪ್ರಬಂಧವನ್ನು ವಾಪಸು ಪಡೆಯಬೇಕು. ಅದನ್ನು ಅಚ್ಚು ಹಾಕಿದ್ದ ಪತ್ರಿಕೆಯವರು, ಲೇಖಕರಿಬ್ಬರೂ ಸಹಿ ಹಾಕಿ ಎಂದರು. ಇನ್ನೊಬ್ಬ ಲೇಖಕ ಕೇಶವಮೂರ್ತಿ, ಅಷ್ಟು ಹೊತ್ತಿಗೆ ಸಂಸ್ಥೆಯ ನಿರ್ದೇಶಕ.

"ಅಲ್ರೀ ದೇಚಮ್ಮ, ಮುಂದಿನ ವಾರ ರಿವ್ಯೂ ಕಮಿಟಿ ಬರ್ತಿದೆ. ಆ ಪೇಪರ್ ಬಿಟ್ರೆ ತೋರಿಸೋಕೆ ನಮ್ಮತ್ರ ಏನಿದೆ?"

"ಸರ್, ಅದು ಬಾಯಿಯ ಕೋಶಾನೇ ಅಲ್ಲ."

"ಕ್ಯಾನ್ಸರ್ ಕೋಶ ಹೌದು ತಾನೇ? ಅಚ್ಛಾ, ಅಷ್ಟು ಸಾಕು."

"ನಿಮ್ಮ ಮನೆಯವರಿಗೆ ಹಲ್ಲುನೋವು ಬಂದ್ರೆ ನನ್ನ ಹಲ್ಲು ಕೀಳಿಸ್ತೀರಾ?"

ಕೇಶವಮೂರ್ತಿ ನಕ್ಕರು. "ಕೊಡಗಿನವರ ಕೋವಿ ಯಾವಾಗ್ಲೂ ಲೋಡಾಗೇ ಇರುತ್ತೆ! ರಿಟೈರಾಗೋವರೆಗೆ ಸುಮ್ನಿರಿ ಮೇಡಂ."

ಸಹಿ ಬೀಳಲಿಲ್ಲ. ಆ ಕೋಶಗಳನ್ನು ಕೊಂದ ಔಷಧವೊಂದನ್ನು ನಂಬಿ ಆಸ್ಪತ್ರೆಯೊಂದು ಬಾಯಿ ಕ್ಯಾನ್ಸರಿನ ನಲವತ್ತು ಜನಕ್ಕೆ ಅದನ್ನು ಕೊಟ್ಟು ನೋಡಿತು. ಒಬ್ಬರಿಗೂ ಗುಣ ಕಾಣಲಿಲ್ಲ. ಅವರಿಗೆಲ್ಲ ಹೆಸರಿತ್ತು, ಮನೆಯಿತ್ತು. ಯಾವ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದರೆಂದು ಎಣಿಸುವ ಸೂಚಿಗಳುಂಟು, ಇವರನ್ನು ಎಣಿಸುವ ಸೂಚಿ ಯಾವ ದೇಶದಲ್ಲೂ ಇಲ್ಲ, ಸ್ವಾಮಿ.

ದೇಚಮ್ಮ ತಮ್ಮ ಫ್ಲಾಸ್ಕುಗಳಿಗೆ ಬ್ಲೀಚ್ ಸುರಿದರು. ಮೂವತ್ತು ಲ್ಯಾಬುಗಳಿಗೂ ಕಾಗದ ಬರೆದರು. ಇಬ್ಬರು ಉತ್ತರಿಸಿದರು, ಅದರಲ್ಲೊಬ್ಬ ಇನ್ನಷ್ಟು ಕೋಶ ಕಳಿಸಿ ಎಂದು ಕೇಳಿದ. 2006ರ ಬೀಳ್ಕೊಡುಗೆಯಲ್ಲಿ ಕೇಶವಮೂರ್ತಿ ಶಾಲು ಹೊದಿಸಿ ಆ ಪ್ರಬಂಧವನ್ನೇ ಹೊಗಳಿದರು. ದೇಚಮ್ಮ ಮೈಕ್ ಹಿಡಿದು, "ಆ ಪೇಪರ್ ತಪ್ಪು, ತಪ್ಪು ಮಾಡಿದವಳು ನಾನು" ಎಂದರು. ಎಂಥ ವಿನಯ ಎಂದು ಸಭೆ ಚಪ್ಪಾಳೆ ತಟ್ಟಿತು.

ಎರಡು ವರ್ಷದ ನಂತರ ಮಯೂರ್ ವಿಹಾರಿನ ಫ್ಲಾಟಿಗೆ ಒಂದು ಫೋನ್ ಬಂತು. ಕರಾವಳಿಯ ಕಾಲೇಜೊಂದರ ಸಂಶೋಧಕಿ ಶ್ರಾವ್ಯಾ.

"ಮೇಡಂ, ನಿಮ್ಮ ಕೋಶದ ಮೇಲೆಯೇ ನಾನು ಪಿಎಚ್‌ಡಿ ಮಾಡ್ತಿರೋದು. ಒಂದು ಸಣ್ಣ ಡೌಟ್ ಇತ್ತು. ಅದರಲ್ಲಿ ವೈ ಕಾಣ್ತಾನೇ ಇಲ್ಲ."

ದೇಚಮ್ಮ ಕುರ್ಚಿ ಎಳೆದುಕೊಂಡು ಕೂತರು. ಐದು ವರ್ಷದಲ್ಲಿ ಮೊದಲ ಸಲ ಯಾರೋ ಸರಿಯಾದ ಪ್ರಶ್ನೆ ಕೇಳಿದ್ದರು. ಬಾಟಲಿಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ಪರೀಕ್ಷೆಯ ವರದಿ ಕಳಿಸುತ್ತೇನೆ, ವಿಳಾಸ ಹೇಳು ಅಂದರು.

ಆ ಕಡೆ ಬಾಗಿಲು ಮುಚ್ಚಿದ ಸದ್ದು, ಆಮೇಲೆ ತಗ್ಗಿದ ದನಿ.

"ಕಳಿಸಬೇಡಿ ಮೇಡಂ. ನಾಲ್ಕು ವರ್ಷದ ಕೆಲಸ. ಮುಂದಿನ ತಿಂಗಳು ಥೀಸಿಸ್ ಕೊಡಬೇಕು. ನಾನು ಫೋನ್ ಮಾಡಿದ್ದು ಯಾರಿಗೂ ಹೇಳಬೇಡಿ, ಪ್ಲೀಸ್."

ಆ ಹುಡುಗಿಯ ಪ್ರಬಂಧ ಮರುವರ್ಷ ಅಚ್ಚಾಯಿತು. ಕೊನೆಯ ಪುಟದಲ್ಲಿ ದೇಚಮ್ಮನವರ ಅಮೂಲ್ಯ ಮಾರ್ಗದರ್ಶನಕ್ಕೆ ಕೃತಜ್ಞತೆ ಸಲ್ಲಿಸಿದ್ದಾಳೆ.