ಉಪ್ಪು ನೋಡದ ಸಾತ್ವಿಕಾ

ಟಿವಿಯ ಅಡುಗೆ ಸ್ಪರ್ಧೆಯಲ್ಲಿ ವಾಮದಪದವಿನ ಬೀಯಮ್ಮನಿಗೆ ಯಾರೂ ಸರಿ ಕಾಣುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಸೊಸೆ ಹಫ್ಸಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡುವರು.

“ಈ ಅಶ್ವಿತ್‌ನನ್ನು ನೋಡು, ನೀರುಳ್ಳಿ ಕೆಂಪಾಗುವ ಮೊದಲೇ ಮಸಾಲೆ ಹಾಕಿದ. ಮೇಲೆ ಹೂವಿಟ್ಟರೆ ಹಸಿವಾಸನೆ ಹೋಗ್ತದಾ?”

ಸ್ವಲ್ಪ ಹೊತ್ತಿಗೆ ತೀರ್ಪುಗಾರರೂ ಅದನ್ನೇ ಹೇಳುವರು. ಮದುವೆಮನೆಗಳಿಗೆ ಇಪ್ಪತ್ತೆರಡು ವರ್ಷ ಬಿರಿಯಾನಿ ಬೇಯಿಸಿದ ಹೆಂಗಸು ಬೀಯಮ್ಮ. ಅವರಿಗೆ ಕಣ್ಣಲ್ಲೇ ತಿಳಿಯುತ್ತಿತ್ತು.

ಸಾತ್ವಿಕಾ ಎಂಬ ಹುಡುಗಿಯ ವಿಷಯದಲ್ಲಿ ಮಾತ್ರ ಅವರ ಸ್ವರ ಮೆದುವಾಗುತ್ತಿತ್ತು. ಆ ಹುಡುಗಿ ಒಮ್ಮೆಯೂ ಸೌಟಿನಿಂದ ಅಂಗೈಗೆ ಸುರಿದು ಉಪ್ಪು ನೋಡುತ್ತಿರಲಿಲ್ಲ. ಹಫ್ಸ ಅದನ್ನು ಆಡಿಕೊಂಡರೆ, “ಅವಳಿಗೆ ಎಂತ ಹೇಳ್ಬೇಡ. ಏನೋ ಕಷ್ಟ ಉಂಟು” ಎನ್ನುವರು.

ಯಾವ ಕಷ್ಟವೆಂದು ಹೇಳಿದರೆ ತನ್ನದನ್ನೂ ಹೇಳಬೇಕಾಗುತ್ತಿತ್ತು. ಒಂಬತ್ತು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಬೀಯಮ್ಮನ ತಲೆ ಒಡೆದಿತ್ತು. ಗಾಯ ಮಾಗಿತು. ಆದರೆ ಮೂಗಿಗೆ ವಾಸನೆ ಇಲ್ಲ, ನಾಲಿಗೆಗೆ ರುಚಿ ಇಲ್ಲ. ಹೊಲಿಗೆ ಬಿಚ್ಚಿದ ದಿನ, ಗಂಡ ಮಜೀದ್ ಔಷಧಿ ತರಲು ಹೋದಾಗ, ಡಾಕ್ಟರರ ಹತ್ತಿರ ಮೆಲ್ಲಗೆ ಕೇಳಿದ್ದರು.

“ಒಳಗಿನ ನರಕ್ಕೆ ಪೆಟ್ಟಾಗಿದೆ ಅಮ್ಮ. ಆರು ತಿಂಗಳು ನೋಡುವ. ಬಂದರೆ ಬಂತು.”

ಬರಲಿಲ್ಲ. ಕರ್ಪೂರ ಮೂಸಿದರು, ಹಸಿ ಬೆಳ್ಳುಳ್ಳಿ ಜಗಿದರು. ಪ್ರತಿ ನಮಾಜಿನಲ್ಲೂ ಅದೊಂದನ್ನೇ ಬೇಡಿದರು. ಬಕ್ರೀದಿಗೆ ನಾದಿನಿ ಆಯಿಶಮ್ಮನ ಮನೆಯವರು ಬಂದ ದಿನ ಮಾಂಸದ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಎಲ್ಲರೂ ತಟ್ಟೆ ನೋಡುತ್ತಾ ಕುಳಿತಾಗ ಬೀಯಮ್ಮನ ಬಾಯಿಂದ ಬಂದೇಬಿಟ್ಟಿತು: “ಹಫ್ಸ ಇನ್ನೊಮ್ಮೆ ಹಾಕಿರಬೇಕು.” ಹಫ್ಸ ಕೆಂಪಾಗಿ ಒಳಗೆ ಹೋಗಿದ್ದಳು.

ಒಂದು ಭಾನುವಾರ ಸಾತ್ವಿಕಾಳ ಪಲ್ಯ ಉಪ್ಪಾಯಿತು. “ಯಾಕಮ್ಮಾ ರುಚಿ ನೋಡಲಿಲ್ಲ?” ಎಂದು ತೀರ್ಪುಗಾರರು ಗದರಿದರು.

ಬೀಯಮ್ಮ ಟಿವಿಯ ಹತ್ತಿರಕ್ಕೆ ಸರಿದರು. “ಹೇಳು ಮಗಳೇ. ಎಲ್ಲರ ಎದುರು ಹೇಳಿಬಿಡು.”

ತೀರ್ಪುಗಾರರು ಚಮಚ ಕೊಟ್ಟರು. ಸಾತ್ವಿಕಾ ಬಾಯಿಗಿಟ್ಟು ಮುಖ ಕಿವುಚಿದಳು. “ಅಯ್ಯೋ, ಸಾರಿ ಸರ್. ನಂಗೆ ರುಚಿ ನೋಡೋ ಅಭ್ಯಾಸನೇ ಇಲ್ಲ.”

“ಅವಳಿಗೆ ಗೊತ್ತಾಗ್ತದೆ!” ಬೀಯಮ್ಮ ಚೀರಿದರು. “ನಾಲಿಗೆ ಉಂಟು ಅವಳಿಗೆ! ಇದ್ದೂ ನೋಡ್ಲಿಲ್ಲ!”

ಎರಡೂ ಕೈಯಿಂದ ಬಾಯಿ ಬಡಿದುಕೊಂಡು ಅಳತೊಡಗಿದರು. ಹಫ್ಸ ಹೆದರಿ ಅವರ ಕೈ ಹಿಡಿದಳು. “ಮಾಮಿ, ಎಂತಾಯ್ತು?”

ಬೀಯಮ್ಮ ಎಲ್ಲವನ್ನೂ ಹೇಳಿದರು. ಹಫ್ಸ ಕೇಳುತ್ತಾ ಕೇಳುತ್ತಾ ಹಿಡಿದ ಕೈ ಬಿಟ್ಟಳು.

“ಹಾಗಾದರೆ ಬಕ್ರೀದಿಗೆ?”

“ನಾನೇ.”

“ಆ ದಿನದಿಂದ ಒಂದು ಮೊಟ್ಟೆಗೆ ಉಪ್ಪು ಹಾಕ್ಲಿಕ್ಕೂ ನನಗೆ ಹೆದರಿಕೆ ಆಗ್ತದೆ, ಗೊತ್ತುಂಟಾ ನಿಮಗೆ?”

ಸಂಜೆ ವಿಷಯ ತಿಳಿದ ಮಜೀದ್ ನಂಬದೆ ಅತ್ತರಿನ ಬಾಟಲಿ ತಂದು ಹೆಂಡತಿಯ ಮೂಗಿಗೆ ಹಿಡಿದರು. ಆಕೆ ಕದಲದೆ ಕುಳಿತಿದ್ದನ್ನು ಕಂಡು ಮುಚ್ಚಳ ಹಾಕುವುದನ್ನೂ ಮರೆತರು. ಕೊನೆಗೆ, “ಬಿದ್ದ ಮೇಲೆ ಮೊದಲು ಒಪ್ಪಿಕೊಂಡ ಅಡುಗೆ, ಆ ಮಡಂತ್ಯಾರಿನ ಮದುವೆಯದ್ದು ಆಗುವುದಿಲ್ಲ ಅಂತ ಹೇಳಿಬಿಡುವ” ಎಂದರು.

“ಬೇಡ ಮಾವ,” ಎಂದಳು ಹಫ್ಸ, ಬೀಯಮ್ಮನ ಕಡೆ ನೋಡದೆ. “ರುಚಿ ನಾನು ನೋಡ್ತೇನೆ.”

ಮದುವೆಯ ದಿನ ದೊಡ್ಡ ಪಾತ್ರೆಯ ಎದುರು ಹಫ್ಸ ಬೆರಳು ನೆಕ್ಕಿ, “ಸಾಕು” ಎಂದಳು.

“ಸರಿಯಾ?”

“ಸರಿ.”

“ಸರೀ ನೋಡಿದ್ಯಾ?”

ಹಫ್ಸ ಮುಚ್ಚಳ ಮುಚ್ಚಿದಳು. ಅವಳು ನಿಜ ಹೇಳಿದಳೋ, ಬಕ್ರೀದಿನ ಸೇಡು ತೀರಿಸಿದಳೋ, ತಿಳಿಯಲು ಬೀಯಮ್ಮನಿಗೆ ದಾರಿಯೇ ಇರಲಿಲ್ಲ. ಹೆಂಗಸರ ಪಂಕ್ತಿ ಕುಳಿತಾಗ ಬಾಗಿಲಿನ ಹಿಂದೆ ನಿಂತು, ಒಬ್ಬೊಬ್ಬರ ಮುಖವನ್ನೇ ನೋಡಿದರು. ಯಾರೂ ಮುಖ ಕಿವುಚಲಿಲ್ಲ. ಯಾರೋ ಇನ್ನೊಂದು ಸೌಟು ಕೇಳಿದರು. ಬೀಯಮ್ಮ ಆಗಲೂ ಬಾಗಿಲು ಬಿಟ್ಟು ಬರದೆ ಅದರಾಚೆಯವಳ ಮುಖ ನೋಡಿದರು.